ಕೊರಿಯಾದ ಅಧ್ಯಕ್ಷಾಧಿಕಾರ

ಆಳುವವನನ್ನು ಪೀಠಕ್ಕೇರಿಸುವ ವಿಧಿಯು ಎಲ್ಲ ರಾಜ್ಯಾಂಗಗಳಲ್ಲಿಯೂ ಉಂಟು. ಅವನು ತಪ್ಪಿ ನಡೆದಾಗ ಇಳಿಸುವ ವಿಧಿಯಲ್ಲಿಯೇ ರಾಜ್ಯಾಂಗದ ಸತ್ತ್ವಪರೀಕ್ಷೆ. ದಕ್ಷಿಣ ಕೊರಿಯಾ ದೇಶದಲ್ಲಿ 2024ನೆಯ ಡಿಸೆಂಬರಿನಲ್ಲಿ ನಡೆದ ಸಂಗತಿಗಳನ್ನು ವಾಚಕರು ಈ ದೃಷ್ಟಿಯಿಂದ ಪರ್ಯಾಲೋಚಿಸಬೇಕು.

ಆ ದೇಶದ ಈಗಿನ ರಾಜ್ಯಾಂಗವು 1987ರದು. ಅಧ್ಯಕ್ಷನನ್ನು ಪ್ರಜೆಗಳೇ ನೇರವಾಗಿ ಐದು ವರ್ಷಗಳಿಗೆ ಚುನಾಯಿಸುತ್ತಾರೆ, ಎರಡನೆಯ ಅವಧಿಯಿಲ್ಲ. ಪ್ರಧಾನ ಮಂತ್ರಿಯೂ ಇದ್ದಾನೆ. ಆದರೆ ಆತನು ಶಾಸನಸಭೆಯ ಒಪ್ಪಿಗೆ ಪಡೆದು ಅಧ್ಯಕ್ಷನು ನೇಮಿಸುವ ಸಹಾಯಕನಷ್ಟೆ. ಮುನ್ನೂರು ಸದಸ್ಯರ ಆ ಸಭೆಯನ್ನು ಅಧ್ಯಕ್ಷನು ವಿಸರ್ಜಿಸಲಾರನು; ಬರಿಯ ಅವಿಶ್ವಾಸದ ಗೊತ್ತುವಳಿಯಿಂದ ಸಭೆಯು ಅಧ್ಯಕ್ಷನನ್ನು ಕಳೆಯಲಾರದು.

ನಮ್ಮ ಪದ್ಧತಿ ಬೇರೆ. ಹೊಳೆನರಸೀಪುರ ಕ್ಷೇತ್ರದಿಂದ 1962ರಲ್ಲಿ ಶಾಸನಸಭೆಯನ್ನು ಪ್ರವೇಶಿಸಿದ ಶ್ರೀ ಎಚ್. ಡಿ. ದೇವೇಗೌಡರು 1996ನೆಯ ಜೂನ್ 1ರಂದು ಭಾರತದ ಪ್ರಧಾನಿಗಳಾದರು. 1997ನೆಯ ಏಪ್ರಿಲ್ 11ರಂದು ಲೋಕಸಭೆಯಲ್ಲಿ ಅವರ ಪರವಾಗಿ 158, ವಿರುದ್ಧವಾಗಿ 292 ಮತಗಳು ಬಿದ್ದುವು. ಯಾವ ಅಪರಾಧವೂ ರುಜುವಾತಾಗಬೇಕಾಗಿರಲಿಲ್ಲ. ಹೊರಗಿನಿಂದ ಆಧಾರವಿತ್ತ ಕಾಂಗ್ರೆಸ್ಸು ಕೈ ತೆಗೆದದ್ದೇ ಸಾಕಾಯಿತು. ಹಾಸನದಿಂದ ಅರಕಲಗೂಡು, ಚನ್ನರಾಯಪಟ್ಟಣಗಳವರೆಗೆ ನಮ್ಮ ಸೀಮೆಯವರಿಗೆ ಇದು ಕಠಿನವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಹಾಗಾದರೆ ಐದು ವರ್ಷ ಕದಲದ ಅಧ್ಯಕ್ಷನೇ ಮೇಲಲ್ಲವೆ ಎಂದು ಕೇಳುವವರುಂಟು.

ಅವರಿಗೆ ಕೊರಿಯಾವೇ ಉತ್ತರ ಹೇಳುತ್ತದೆ. ವಿರೋಧಪಕ್ಷದ ಬಹುಮತವುಳ್ಳ ಸಭೆಯೊಡನೆ ಹೊಂದಲಾರದೆ ಅಧ್ಯಕ್ಷ ಯೂನ್ ಸುಕ್ ಯೋಲ್ ಡಿಸೆಂಬರ್ 3ರ ರಾತ್ರಿ ಸೈನಿಕ ಶಾಸನವನ್ನು ಘೋಷಿಸಿದರು. ಸಿಪಾಯಿಗಳು ಸಭಾಭವನಕ್ಕೆ ಬಂದರು. ಸದಸ್ಯರಲ್ಲಿ ಕೆಲವರು ಬೇಲಿ ಹತ್ತಿ ಒಳಸೇರಿದರು. ಸಭೆಯ ಬಹುಸಂಖ್ಯಾತರು ಕೇಳಿದರೆ ಸೈನಿಕ ಶಾಸನವನ್ನು ತೆಗೆಯಲೇಬೇಕೆಂದು ರಾಜ್ಯಾಂಗವು ವಿಧಿಸಿದೆ. ನೆರೆದ 190 ಮಂದಿಯೂ ಏಕಮತದಿಂದ ಕೇಳಿದರು. ಬೆಳಗಾಗುವುದರೊಳಗೆ ಆ ಶಾಸನ ತೊಲಗಿತು. ಡಿಸೆಂಬರ್ 14ರಂದು 204 ಮತಗಳಿಂದ ದೋಷಾರೋಪಣೆಯಾಯಿತು. 2025ನೆಯ ಏಪ್ರಿಲ್ 4ರಂದು ರಾಜ್ಯಾಂಗ ನ್ಯಾಯಾಲಯದ ಎಂಟು ನ್ಯಾಯಾಧೀಶರೂ ಒಮ್ಮತದಿಂದ ಅವರನ್ನು ಪದಚ್ಯುತಗೊಳಿಸಿದರು. ಜೂನ್ 3ರಂದು ಪ್ರಜೆಗಳು ಲೀ ಜೇ ಮ್ಯುಂಗ್ ಅವರನ್ನು ಚುನಾಯಿಸಿದರು.

ನಮ್ಮಲ್ಲಿ ಒಂದು ದಿನದ ಮತದಿಂದ ಆಗುವ ಕೆಲಸಕ್ಕೆ ಅಲ್ಲಿ ನಾಲ್ಕು ತಿಂಗಳು ಹಿಡಿಯಿತು. ಆದರೂ ನಾವು ಗರ್ವಪಡಬೇಕಾದುದಿಲ್ಲ. 1975ನೆಯ ಜೂನ್ 25ರ ರಾತ್ರಿ ನಮ್ಮಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾದಾಗ ಲೋಕಸಭೆಯು ಕೂಡಿರಲಿಲ್ಲ. ಅದು ಕೂಡುವ ವೇಳೆಗೆ ವಿರೋಧಪಕ್ಷದ ಅನೇಕ ನಾಯಕರು ಸೆರೆಮನೆಯಲ್ಲಿದ್ದರು. ದೇವೇಗೌಡರೂ ಆ ಕಾಲದಲ್ಲಿ ಬಂಧನವನ್ನು ಅನುಭವಿಸಿದವರೇ. 1978ರ 44ನೆಯ ತಿದ್ದುಪಡಿಯು ಬಂದ ಮೇಲೆ, ಮಂತ್ರಿಮಂಡಲದ ಲಿಖಿತ ನಿರ್ಣಯವಿಲ್ಲದೆ ತುರ್ತುಪರಿಸ್ಥಿತಿಯನ್ನು ಘೋಷಿಸುವಂತಿಲ್ಲ. ಅದನ್ನು ರದ್ದುಪಡಿಸುವ ಗೊತ್ತುವಳಿಗಾಗಿ ಲೋಕಸಭೆಯ ಹತ್ತನೆಯ ಒಂದು ಪಾಲು ಸದಸ್ಯರು ವಿಶೇಷಾಧಿವೇಶನವನ್ನು ಕೇಳಬಹುದು.

ಅಧ್ಯಕ್ಷನೋ ಪ್ರಧಾನಿಯೋ ಎಂಬ ಚರ್ಚೆಯು ಗೌಣ. ಅಧಿಕಾರಕ್ಕೆ ಮದವೇರಿದ ರಾತ್ರಿಯಲ್ಲಿ ಪ್ರಜಾಪ್ರತಿನಿಧಿಗಳು ಕೂಡಲು ಸಾಧ್ಯವೆ, ಕೂಡುವ ಧೈರ್ಯ ಅವರಿಗುಂಟೆ ಎಂಬುದೇ ಮುಖ್ಯ. ಮೊದಲನೆಯದನ್ನು ರಾಜ್ಯಾಂಗವು ಕೊಡಬಲ್ಲುದು. ಎರಡನೆಯದು ಉಳ್ಳವರನ್ನು ಆರಿಸಿ ಕಳುಹಿಸುವುದು ಮತದಾರರಾದ ನಮ್ಮ ಹೊಣೆ.