ಗುಟುಕಿನ ಲೆಕ್ಕ

ಉದುರಿದ ಗರಿ, ಒಣಗಿದ ಎಲುಬು. ಹೊಟ್ಟೆಯಿದ್ದ ಜಾಗದಲ್ಲಿ ಬಾಟಲಿಯ ಮುಚ್ಚಳಗಳು, ಸಿಗರೇಟ್ ಲೈಟರು, ಬಣ್ಣಬಣ್ಣದ ಪ್ಲಾಸ್ಟಿಕ್ ಚೂರುಗಳು. ಅಮೆರಿಕದ ಛಾಯಾಗ್ರಾಹಕ ಕ್ರಿಸ್ ಜೋರ್ಡನ್ 2009ರಲ್ಲಿ ಮಿಡ್‌ವೇ ದ್ವೀಪದಲ್ಲಿ ತೆಗೆದ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯ ಮರಿಗಳ ಚಿತ್ರಗಳಿವು. ಉತ್ತರ ಪೆಸಿಫಿಕ್‌ನ ನಟ್ಟನಡುವಿನ ಆ ದ್ವೀಪದಲ್ಲಿ ಮಾಲ್ ಇಲ್ಲ, ಸಂತೆಯಿಲ್ಲ. ಕಡಲಲ್ಲಿ ತೇಲುತ್ತಿದ್ದುದನ್ನೇ ಆಹಾರವೆಂದು ಹೆಕ್ಕಿ ತಂದು ತಾಯಿ ಗುಟುಕು ಕೊಟ್ಟಿದೆ. ಮರಿ ನಂಬಿ ನುಂಗಿದೆ. ಚಿತ್ರಕ್ಕಾಗಿ ಒಂದು ಚೂರನ್ನೂ ಅತ್ತಿತ್ತ ಸರಿಸಿಲ್ಲ ಎನ್ನುತ್ತಾರೆ ಜೋರ್ಡನ್. ಸರಿಸುವುದೇನಿತ್ತು? ಜೋಡಿಸುವ ಕೆಲಸವನ್ನು ನಾವೇ ಮುಗಿಸಿದ್ದೆವಲ್ಲ!

ಅವರದೇ 2007ರ ಇನ್ನೊಂದು ಕೃತಿಯಲ್ಲಿ 20 ಲಕ್ಷ ಪ್ಲಾಸ್ಟಿಕ್ ಬಾಟಲಿಗಳಿವೆ. ಅಮೆರಿಕದಲ್ಲಿ ಐದೇ ನಿಮಿಷಕ್ಕೆ ಬೇಕಾಗುತ್ತಿದ್ದಷ್ಟು. ಅದು ಅಮೆರಿಕದವರ ಪಾಪ ಎಂದು ಕೈ ತೊಳೆದುಕೊಳ್ಳಬೇಡಿ. ಚಿತ್ರ ನೋಡಿ ‘ಅಯ್ಯೋ’ ಎಂದು, ವಾಟ್ಸ್ಯಾಪಿನಲ್ಲಿ ನಾಲ್ಕು ಜನಕ್ಕೆ ದಾಟಿಸಿ, ಮದುವೆಯೂಟಕ್ಕೆ ಹೊರಟವರು ನಾವೇ.

ಅಲ್ಲಿ ಎಲೆಯ ತುದಿಗೆ ಉಪ್ಪು ಬೀಳುವ ಮೊದಲೇ ಗೇಣುದ್ದವೂ ಇಲ್ಲದ ಬಾಟಲಿ ಬಂದು ಕೂತಿರುತ್ತದೆ. ಎರಡು ಗುಟುಕು ಕುಡಿದು ಏಳುತ್ತೇವೆ. ಉಳಿದ ನೀರಿನ ಸಮೇತ ಅದು ಎಂಜಲೆಲೆಯ ಜೊತೆ ಚೀಲ ಸೇರುತ್ತದೆ. ಮುಂದಿನ ಪಂಕ್ತಿಗೆ ಹೊಸ ಬಾಟಲಿ. ಬಾಯಾರಿಕೆಗೆ ಲೋಟದ ನೀರು ಸಾಲದೇ? ನಮಗೆ ಬೇಕಿರುವುದು ಸೀಲು ಒಡೆಯುವ ಆ ‘ಚಟ್’ ಸದ್ದು; ಇನ್ನೊಬ್ಬರ ಕೈ ಸೋಕಿಲ್ಲ ಎಂಬ ಹೊಸ ಮಡಿ!

ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಕೊನೆಗೆ ಊಟದ ಮೇಜಿಗೆ ಹಾಸುವ ಹಾಳೆಯನ್ನೂ ನಿಷೇಧಿಸಿತು. ಬಾಟಲಿ ಮಾತ್ರ ಅದೇ ಮೇಜಿನ ಮೇಲೆ ರಾಜಾರೋಷವಾಗಿ ನಿಂತಿದೆ. ತಯಾರಿಸಿದವನಿಗೆ ಲಾಭ, ಕುಡಿದವನಿಗೆ ಬುದ್ಧಿವಾದ, ಎತ್ತುವ ಪೌರಕಾರ್ಮಿಕಳಿಗೆ ನಾತ. ಇದ್ಯಾವ ಸೀಮೆಯ ನ್ಯಾಯ?

ಮದುವೆ ಮನೆಯವರೇ, ಮಂಟಪದ ಹೂವಿಗೆ ಲಕ್ಷಗಟ್ಟಲೆ ಸುರಿಯುತ್ತೀರಿ. ಲೋಟ ತೊಳೆಯುವವರ ಕೂಲಿ ನಿಮಗೆ ದುಬಾರಿಯಾಯಿತೇ? ಉಣ್ಣಲು ಕೂತವರೇ, ಬಾಟಲಿ ಮುಟ್ಟಬೇಡಿ. ‘ಜಗ್ಗು ತನ್ನಿ, ಲೋಟ ಕೊಡಿ’ ಎಂದು ಪಂಕ್ತಿಯ ಮಧ್ಯದಿಂದಲೇ ಕೂಗಿ. ಮರ್ಯಾದೆ ಹೋದರೆ ಹೋಗಲಿ. ಗುಟುಕಿಗೆಂದು ಬಾಯಿ ತೆರೆದ ಮರಿಗೆ ಮುಚ್ಚಳ ತಿನ್ನಿಸಿದವರಿಗೆ ಇನ್ನೆಂಥ ಮರ್ಯಾದೆ!