ಕೊಲ್ಲಿಯಿಂದ ಮರಳಿದವರ ಸಿಟ್ಟು ಆರುವುದೇಕೆ?

ರಿಯಾದ್, ದುಬೈ, ದೋಹಾಗಳಲ್ಲಿ ಹತ್ತಾರು ವರ್ಷ ದುಡಿದು ಊರಿಗೆ ಮರಳಿದವರನ್ನು ನೋಡಿ ತಮಾಷೆ ಮಾಡುವವರಿದ್ದಾರೆ. ಮೊದಲ ಆರು ತಿಂಗಳು ಅವರಿಗೆ ಎಲ್ಲದರ ಮೇಲೂ ಸಿಟ್ಟು, ಆಮೇಲೆ ಅವರೂ ನಮ್ಮಂತೆಯೇ ಆಗಿಬಿಡುತ್ತಾರೆ ಎಂದು ನಗುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಆ ಆರು ತಿಂಗಳ ಸಿಟ್ಟು ಜೀವಂತ ಮನಸ್ಸಿನ ಲಕ್ಷಣ. ಆಮೇಲಿನ ಹೊಂದಾಣಿಕೆಯೇ ರೋಗ.

ಸಿಟ್ಟಿಗೆ ಕಾರಣಗಳು ದೊಡ್ಡವಲ್ಲ. ತಂದೆ ತೀರಿಕೊಂಡಿದ್ದಾರೆ, ಜಮೀನಿನ ಪೌತಿ ಖಾತೆ ಆಗಬೇಕು. ಮಗನ ಕಾಲೇಜು ಪ್ರವೇಶಕ್ಕೆ 2ಬಿ ಪ್ರವರ್ಗದ ಪ್ರಮಾಣಪತ್ರ ಬೇಕು. ರಾವಂದೂರಿನಂತಹ ಹೋಬಳಿ ಊರಿನವನು ಇಂತಹ ಕೆಲಸಕ್ಕಾಗಿ ಪಿರಿಯಾಪಟ್ಟಣದವರೆಗೆ ಹೋಗಬೇಕಾಗಿ ಬಂದರೆ ಒಂದು ದಿನ ಮುಗಿದಂತೆಯೇ. ನಮ್ಮ ರಾಜ್ಯದ ಯಾವ ತಾಲೂಕಿನವರಿಗೂ ಪರಿಚಿತವಾದ ಮಾತುಗಳನ್ನು ಅವನೂ ಕೇಳುತ್ತಾನೆ: "ಸಾಹೇಬರು ಮೀಟಿಂಗಿನಲ್ಲಿದ್ದಾರೆ", "ಸರ್ವರ್ ಇಲ್ಲ", "ನಾಳೆ ಬನ್ನಿ". ಸರದಿಯಲ್ಲಿ ನಿಂತವನ ಕಣ್ಣೆದುರಿಗೇ ಮಧ್ಯವರ್ತಿಯೊಬ್ಬ ಪಕ್ಕದ ಬಾಗಿಲಿನಿಂದ ಒಳಹೋಗಿ ನಗುತ್ತಾ ಹೊರಬರುತ್ತಾನೆ.

ಈಗ ಕೊಲ್ಲಿಯಿಂದ ಬಂದವನು ಏನು ಮಾಡುತ್ತಾನೆ? ಚಹಾದಂಗಡಿಯಲ್ಲಿ ಕುಳಿತು ಈ ದೇಶ ಉದ್ಧಾರವಾಗದು ಎನ್ನುತ್ತಾನೆ. ಅರಬ್ ನಾಡಿನ ಶಿಸ್ತನ್ನು ಕೊಂಡಾಡುತ್ತಾನೆ. ಬಳಿಕ ಅದೇ ಮಧ್ಯವರ್ತಿಯನ್ನು ಕರೆದು, ಕೇಳಿದ್ದಕ್ಕಿಂತ ಐನೂರು ಹೆಚ್ಚೇ ಕೊಟ್ಟು, ಕೆಲಸ ಮುಗಿಸಿಕೊಳ್ಳುತ್ತಾನೆ. ಅವನ ಕೈಯಲ್ಲಿ ಹಣವಿದೆ, ಅವನ ಸಮಸ್ಯೆ ತೀರಿತು. ಆದರೆ ಅವನ ಹಿಂದೆ ನಿಂತಿದ್ದವನ ಕಥೆಯೇನು? ತಂಬಾಕು ಬ್ಯಾರನ್ನಿನಲ್ಲಿ ಬೆಂಕಿಯ ಮುಂದೆ ರಾತ್ರಿ ಕಳೆದು, ಕೂಲಿ ಬಿಟ್ಟು ಬಂದವನಿಗೆ ಇನ್ನು ಮುಂದೆ ಆ ಹೊಸ ದರವೇ ದರ. ಅನ್ಯಾಯವನ್ನು ಬೈದವನೇ ಅದರ ಬೆಲೆ ಏರಿಸಿ ಹೋದ. ಲಂಚವು ಬಡವನಿಂದ ಬದುಕುತ್ತಿಲ್ಲ. ಅದನ್ನು ಸಾಕುತ್ತಿರುವವರು ಕೊಡಬಲ್ಲ ನಾವು.

ಅರಬ್ ನಾಡಿನ ಶಿಸ್ತಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಲ್ಲಿ ಪಾಸ್‌ಪೋರ್ಟನ್ನು ಕಫೀಲನ ಬೀರುವಿನಲ್ಲಿಟ್ಟು, ತಿಂಗಳುಗಟ್ಟಲೆ ಬಾಕಿಯಾದ ಸಂಬಳವನ್ನು ಕೇಳಲು ಹೆದರಿ ದುಡಿದವರೆಷ್ಟು ಮಂದಿ! ಸೌದಿಯಲ್ಲಿ 2011ರಲ್ಲಿ ನಿತಾಕತ್ ಬಂದ ಮೇಲೆ ಕೈಬೀಸಿಕೊಂಡು ಮರಳಿದವರನ್ನು ನಾವೇ ಕಂಡಿದ್ದೇವೆ. ಅಲ್ಲಿ ಮೌನವಾಗಿರುವುದಕ್ಕೆ ಕಾರಣವಿತ್ತು, ಅಲ್ಲಿ ನಾವು ಪರದೇಶಿಗಳು. ಇಲ್ಲಿ ಮತದಾರರು, ತೆರಿಗೆ ಕಟ್ಟುವವರು. ಈ ಮಣ್ಣಿನ ವಾರಸುದಾರರೂ ಹೌದು. ಪರದೇಶಿಯ ಮೌನವನ್ನು ಸ್ವದೇಶಕ್ಕೂ ಹೊತ್ತು ತರುವುದೇಕೆ?

ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆಂಬುದು ನಮ್ಮ ಮಕ್ಕಳಿಗೂ ತಿಳಿದಿದೆ. ಝಕಾತ್ ಸಂಗ್ರಹಿಸಿ ತಂದ ಅಧಿಕಾರಿಯೊಬ್ಬ ಒಂದು ಪಾಲನ್ನು ತನಗೆ ಬಂದ ಉಡುಗೊರೆ ಎಂದಾಗ, ಅವನು ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಅವರು ಪ್ರಶ್ನಿಸಿದ ಘಟನೆಯೂ ಹದೀಸಿನಲ್ಲಿದೆ. ಆದರೂ ನಮ್ಮಲ್ಲೊಂದು ಸಿದ್ಧ ಉತ್ತರವಿದೆ: ನ್ಯಾಯವಾದ ಹಕ್ಕನ್ನು ಪಡೆಯಲು ಬೇರೆ ದಾರಿಯೇ ಇಲ್ಲದಿದ್ದರೆ ಕೊಟ್ಟವನ ಮೇಲೆ ದೋಷವಿಲ್ಲವೆಂದು ವಿದ್ವಾಂಸರು ಹೇಳಿದ್ದಾರಲ್ಲ! ಅನೇಕರು ಹೇಳಿದ್ದಾರೆ, ನಿಜ. ಆದರೆ ಬೇರೆ ದಾರಿಯೇ ಇಲ್ಲವೆಂಬುದನ್ನು ನಾವು ಪರೀಕ್ಷಿಸಿದ್ದು ಯಾವಾಗ?

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ನನ್ನ ಅರ್ಜಿ ಯಾವ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ ಎಂದು ಕೇಳಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದಲ್ಲಿ 2012ರಿಂದ ಸಕಾಲ ಇದೆ. ನಿಗದಿತ ಅವಧಿ ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದಿರಬಹುದು, ಆದರೆ ಅದು ಹೊಣೆಗಾರ ನೌಕರನ ಮೇಲೆ ಬೀಳುತ್ತದೆ. ಅರ್ಜಿ ಕೊಟ್ಟಾಗಲೇ ಸಕಾಲ ಸಂಖ್ಯೆಯನ್ನು ಕೇಳಿ ಪಡೆಯದಿದ್ದರೆ ವಿಳಂಬಕ್ಕೆ ಪುರಾವೆಯೇ ಇರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಕೇಳುವುದೇ ಇಲ್ಲ. ಇನ್ನು 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಶಿಕ್ಷಾರ್ಹ. ಬಲವಂತಕ್ಕೊಳಗಾಗಿ ಕೊಟ್ಟವನು ಏಳು ದಿನಗಳೊಳಗೆ ದೂರು ನೀಡಿದರೆ ಮಾತ್ರ ವಿನಾಯಿತಿ. ಆ ದೂರನ್ನು ಸ್ವೀಕರಿಸಲು ಲೋಕಾಯುಕ್ತ ಪೊಲೀಸರಿದ್ದಾರೆ. ಎಸಿಬಿ ರಚನೆಯೊಂದಿಗೆ 2016ರಲ್ಲಿ ಅವರು ಕಳೆದುಕೊಂಡ ಅಧಿಕಾರವನ್ನು 2022ರ ಆಗಸ್ಟಿನಲ್ಲಿ ಹೈಕೋರ್ಟ್ ಮರಳಿಸಿತು.

ಟೋಪಿ, ಗಡ್ಡದವನು ದೂರು ಕೊಟ್ಟರೆ ಗುರುತಿಟ್ಟುಕೊಂಡು ಸತಾಯಿಸುತ್ತಾರೆ ಎಂಬ ಭಯ ಬುಡವಿಲ್ಲದ್ದಲ್ಲ. 2023ರ ಮಾರ್ಚ್‌ನಲ್ಲಿ ನಮ್ಮ 2ಬಿ ಮೀಸಲಾತಿಯನ್ನೇ ರದ್ದುಗೊಳಿಸಲು ಹೊರಟ ಆದೇಶವನ್ನು ಯಾರು ಮರೆತಾರು? ಆದರೆ ಆ ಆದೇಶ ಜಾರಿಯಾಗದೆ ನಿಂತದ್ದೂ ನಮ್ಮವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರಿಂದಲೇ. ಒಬ್ಬಂಟಿಯಾಗಿ ಹೋದವನಿಗೆ ಭಯ ಸಹಜ. ಹತ್ತು ಮಂದಿ, ಅದರಲ್ಲೂ ಎಲ್ಲ ಧರ್ಮದ ಹತ್ತು ಮಂದಿ, ಒಟ್ಟಿಗೆ ಹೋದರೆ ಗುರುತಿಡುವುದು ಯಾರನ್ನು?

1915ರಲ್ಲಿ ದಕ್ಷಿಣ ಆಫ್ರಿಕಾದಿಂದ ಮರಳಿದ ಗಾಂಧೀಜಿಗೆ ಒಬ್ಬ ದರ್ಜಿ ವೀರಂಗಾಮದ ಸುಂಕದ ಕಟ್ಟೆಯಲ್ಲಿ ಪ್ರಯಾಣಿಕರು ಪಡುವ ಪಾಡನ್ನು ಹೇಳಿದ. ಅವರು ತಾನು ಸುಲಭವಾಗಿ ದಾಟುವ ಉಪಾಯ ಹುಡುಕಲಿಲ್ಲ. ವಿವರ ಕಲೆಹಾಕಿ, ಗವರ್ನರರಿಂದ ವೈಸ್‌ರಾಯ್‌ವರೆಗೆ ಬೆನ್ನುಬಿಡದೆ ಕೇಳಿದರು. 1917ರಲ್ಲಿ ಆ ಸುಂಕವೇ ಹೋಯಿತು. ಊರಿಗೆ ಮರಳಿದವನ ಸಿಟ್ಟು ಹಾಗೆಯೂ ಕೆಲಸಕ್ಕೆ ಬರಬಹುದು.

ನಮ್ಮ ಮಸೀದಿ ಕಮಿಟಿಗಳು ಜುಮಾ ನಂತರ ಒಂದು ಮೇಜು ಹಾಕಲಿ. ಕೊಲ್ಲಿಯಲ್ಲಿ ಲೆಕ್ಕಪತ್ರ ಬರೆದು, ಕಂಪ್ಯೂಟರ್ ಬಲ್ಲ ಇಬ್ಬರು ಅಲ್ಲಿ ಕುಳಿತು ಯಾರೇ ಬಂದರೂ, ಯಾವ ಜಾತಿಯವರೇ ಬಂದರೂ ಅರ್ಜಿ ಬರೆದುಕೊಡಲಿ, ಸಕಾಲ ಸಂಖ್ಯೆಯನ್ನು ಪುಸ್ತಕದಲ್ಲಿ ದಾಖಲಿಸಲಿ. ಹೆಚ್ಚಿನವು ಪೌತಿ ಖಾತೆಯವೇ ಆಗಿರುತ್ತವೆ. ಆಗ ಬರೆಯುವವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಕಚೇರಿಯ ಅನ್ಯಾಯಕ್ಕೆ ಕುದಿಯುವ ಅದೇ ಮನುಷ್ಯ, ತಂಗಿಗೆ ಸೀರೆ ಕೊಡಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬಂದಿರುವುದುಂಟು. ಕುರ್‌ಆನ್ ನಿಗದಿಪಡಿಸಿದ ಅವಳ ಪಾಲು ಅಣ್ಣನ ಔದಾರ್ಯವಲ್ಲ. ವಾರಸುದಾರರ ಹೆಸರು ತುಂಬುವಾಗ ಸಹೋದರಿಯರು ಎಷ್ಟು ಮಂದಿ ಎಂದು ಕೇಳದೆ ಆ ಮೇಜಿನಿಂದ ಒಂದು ಅರ್ಜಿಯೂ ಮುಂದೆ ಹೋಗದಿರಲಿ.