ಮ್ಯಾಕ್ಸಿಗೆ ಉದ್ದ ಎಷ್ಟು ಇಂಚು?

ನನ್ನ ಎತ್ತರ ಐದು ಅಡಿ ಎಂಟು ಇಂಚು. ಈದ್‌ಗೆ ಮ್ಯಾಕ್ಸಿ ತರಲು ಅಮ್ಮಿ ಜೊತೆ ಪೀಣ್ಯದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋಗಿದ್ದೆ. ಆರು ಅಂಗಡಿ ಸುತ್ತಿದೆವು. ಎಲ್ಲ ಕಡೆಯೂ ‘ಫುಲ್ ಲೆಂತ್’ ಎಂದೇ ಕೊಟ್ಟರು. ಹಾಕಿ ನೋಡಿದರೆ ಪಾದದ ಗಂಟಿಗಿಂತ ನಾಲ್ಕು ಬೆರಳು ಮೇಲೆ. ದೊಡ್ಡ ಸೈಜ್ ಕೇಳಿದರೆ ಎಕ್ಸ್‌ಎಲ್ ಬಂತು. ಭುಜ ಜಾರಿತು, ಸೊಂಟ ಸಡಿಲವಾಯಿತು, ಉದ್ದ ಮಾತ್ರ ಅಷ್ಟೇ. "ಹುಡುಗಿ ಇಷ್ಟು ಬೆಳೆದರೆ ನಾವೇನಮ್ಮ ಮಾಡೋದು?" ಎಂದು ಒಬ್ಬರು ನಕ್ಕರು. ನಾನೂ ನಕ್ಕೆ. ಆದರೆ ಖಾಲಾ ಮಗಳ ವಲೀಮಾದಲ್ಲಿ ಫೋಟೋಗೆ ಮೊಣಕಾಲು ಬಗ್ಗಿಸಿ ನಿಂತದ್ದು ನೆನಪಾಯಿತು.

ತಪ್ಪು ನನ್ನ ಕಾಲಿನದಲ್ಲ, ಲೇಬಲ್‌ನದು ಎಂಬುದು ನನ್ನ ವಾದ. ಎಸ್, ಎಂ, ಎಲ್ ಎಂಬ ಅಕ್ಷರಗಳು ಹೆಚ್ಚಾಗಿ ಅಗಲವನ್ನೇ ಹೇಳುತ್ತವೆ. ದಪ್ಪವಿದ್ದವರು ಎತ್ತರವೂ ಇರಬೇಕೆಂದೇನಿಲ್ಲ, ತೆಳ್ಳಗಿದ್ದವರು ಗಿಡ್ಡ ಇರಬೇಕೆಂದೂ ಇಲ್ಲ. ಬುರ್ಖಾ ಅಂಗಡಿಯವರಿಗೆ ಇದು ಗೊತ್ತು. ಅಲ್ಲಿ ಉದ್ದವೇ ಸೈಜ್: 52, 54, 56, 58, 60 ಇಂಚು. ಗಂಡುಮಕ್ಕಳ ಫಾರ್ಮಲ್ ಪ್ಯಾಂಟ್ ಕೂಡ ಅನೇಕ ಕಡೆ ಉದ್ದವಾಗಿಯೇ ಬರುತ್ತದೆ, ಅಂಗಡಿಯವರೇ ಮಡಿಸಿ ಹೊಲಿದು ಕೊಡುತ್ತಾರೆ. ಮ್ಯಾಕ್ಸಿಗೆ ಮಾತ್ರ ಏಕಿಲ್ಲ?

ಖರ್ಚು ಹೆಚ್ಚಾಗುತ್ತದೆ ಎನ್ನುವವರಿಗೆ ಕಾಮರ್ಸ್ ವಿದ್ಯಾರ್ಥಿನಿಯ ಲೆಕ್ಕ ಇದು. 54 ಇಂಚಿನ ಸಾದಾ ಮ್ಯಾಕ್ಸಿಯನ್ನು 58 ಮಾಡಲು ಮುಂದೆ ನಾಲ್ಕು, ಹಿಂದೆ ನಾಲ್ಕು, ಒಟ್ಟು ಎಂಟು ಇಂಚು, ಅಂದರೆ ಸುಮಾರು 20 ಸೆಂಟಿಮೀಟರ್ ಬಟ್ಟೆ ಬೇಕು. ಮೀಟರ್‌ಗೆ 120 ರೂಪಾಯಿ ಎಂದುಕೊಂಡರೂ 24 ರೂಪಾಯಿ. ಅಷ್ಟನ್ನು ನಾನು ಸಂತೋಷವಾಗಿ ಕೊಡುತ್ತೇನೆ. ಉದ್ದವಾದರೆ ಗಿಡ್ಡ ಇರುವವರು ಎಡವುತ್ತಾರೆ ಎನ್ನಬಹುದು. ಹೆಚ್ಚಿದ್ದನ್ನು ಕತ್ತರಿಸಬಹುದು, ಇಲ್ಲದ್ದನ್ನು ಎಲ್ಲಿಂದ ತರುವುದು?

ಅಮ್ಮಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹೊರದೇಶದ ಕೆಲವು ಆರ್ಡರ್‌ಗಳಲ್ಲಿ ‘ಟಾಲ್’ ಎಂಬ ಬೇರೆ ಸೈಜೇ ಇರುತ್ತದಂತೆ. ಎಲ್ಲೋ ಇರುವ ಎತ್ತರದ ಹುಡುಗಿಗೆ ನಮ್ಮಮ್ಮಿ ಸರಿಯಾದ ಉದ್ದದ ಡ್ರೆಸ್ ಹೊಲಿಯುತ್ತಾರೆ, ಸ್ವಂತ ಮಗಳಿಗೆ ಪೇಟೆಯಲ್ಲಿ ಅದು ಸಿಗುವುದಿಲ್ಲ. ಭಾರತೀಯರ ಅಳತೆಗೆ ತಕ್ಕ ಸೈಜ್ ಪಟ್ಟಿಗಾಗಿ ನಿಫ್ಟ್ ಸಂಸ್ಥೆ ‘ಇಂಡಿಯಾ ಸೈಜ್’ ಸಮೀಕ್ಷೆ ಕೈಗೊಂಡಿತು. ಅದಕ್ಕೆ ಆರಿಸಿದ ಆರು ನಗರಗಳಲ್ಲಿ ಬೆಂಗಳೂರೂ ಒಂದು. ಒಳ್ಳೆಯದೇ. ಆದರೆ ಲೇಬಲ್ ಮೇಲೆ ಉದ್ದವನ್ನು ಇಂಚಿನಲ್ಲಿ ಬರೆಯಲು ಯಾವ ಸಮೀಕ್ಷೆಗೂ ಕಾಯಬೇಕಿಲ್ಲ.

ಗ್ರಾಹಕರಿಗೆ ಬೇಕಾದದ್ದನ್ನು ತಿಳಿದು ತಯಾರಿಸುವುದೇ ಮಾರ್ಕೆಟಿಂಗ್ ಎಂದು ಬಿಸಿನೆಸ್ ಸ್ಟಡೀಸ್‌ನಲ್ಲಿ ಓದಿದ್ದೇವೆ. ಅವರಿಗೆ ತಿಳಿಯಬೇಕಾದರೆ ನಾವು ಬಾಯಿಬಿಟ್ಟು ಕೇಳಬೇಕು. ಗೆಳತಿಯರೇ, ಭುಜದಿಂದ ಪಾದದವರೆಗೆ ಟೇಪ್ ಹಿಡಿದು ನಿಮ್ಮ ಅಳತೆ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಎಕ್ಸ್‌ಎಲ್ ಇದೆಯಾ ಎನ್ನುವ ಮೊದಲು ಉದ್ದ ಎಷ್ಟು ಇಂಚು ಎಂದು ಕೇಳಿ.

ಆ ದಿನ ತಂದ ಮ್ಯಾಕ್ಸಿಯ ಅಂಚಿಗೆ ಅಮ್ಮಿ ತಮ್ಮ ಹಳೆಯ ದುಪಟ್ಟಾದ ಬಾರ್ಡರ್ ಸೇರಿಸಿ ಹೊಲಿದರು. ಈದ್ ದಿನ ಫೋಟೋದಲ್ಲಿ ನೆಟ್ಟಗೆ ನಿಂತಿದ್ದೇನೆ.